ಅನಿವಾರ್ಯ ಕಾರಣಗಳಿಂದ

ಹಿರಿಯೂರಿನ ತೆಂಗಿನ ಮಂಡಿಯಲ್ಲಿ ಕೂತು ಕಾಟಯ್ಯ ಟೈಪು ಮಾಡಿದ ಒಂದೇ ಒಂದು ‘ಕೈಂಡ್ಲಿ’ಗೆ ಕಾನ್ಪುರದಿಂದ ಹೊರಟಿದ್ದ ಗೂಡ್ಸ್ ರೈಲು ಹಿಂದಕ್ಕೆ ಬಂದಿತ್ತು. ನಂಬದವರು ಕಾನ್ಪುರಕ್ಕೇ ಹೋಗಿ ವಿಚಾರಿಸಬಹುದು. ಇಂಜಿನ್ ಡ್ರೈವರು ಆ ಪತ್ರವನ್ನು ಎದೆಗೆ ಒತ್ತಿಕೊಂಡು, ಇಷ್ಟು ವಿನಯವಾಗಿ ಹೆತ್ತವಳೂ ತನ್ನನ್ನು ಏನನ್ನೂ ಕೇಳಿರಲಿಲ್ಲವೆಂದು ಅತ್ತನಂತೆ. ಸ್ಟೇಷನ್ ಮಾಸ್ತರು ಹಸಿರು ಬಾವುಟದಲ್ಲೇ ಕಣ್ಣು ಒರೆಸಿಕೊಂಡನಂತೆ. ‘ಪ್ಲೀಸ್’ ಎಂದು ಬರೆದಿದ್ದರೆ ರೈಲು ನಿಲ್ಲುತ್ತಿತ್ತು ಅಷ್ಟೆ, ಹಿಂದಕ್ಕೆ ಬರುತ್ತಿರಲಿಲ್ಲ, ಎಂದು ಕಾಟಯ್ಯ ಕಾಯಿ ಎಣಿಸುವ ಹಮಾಲರಿಗೆ ಬಿಡಿಸಿ ಹೇಳಿದ್ದ. ‘ಪ್ಲೀಸ್’ ಬಾಗಿಲು ತಟ್ಟುವ ಮಾತು, ‘ಕೈಂಡ್ಲಿ’ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುವ ಮಾತು. ‘ವಿ ರಿಗ್ರೆಟ್’ ಎಂದರೆ ಸಾಹುಕಾರ ಮೀಸೆಯ ಮೇಲೆ ಕೈಯಿಟ್ಟುಕೊಂಡೇ ವ್ಯಥೆಪಟ್ಟಂತೆ, ‘ವಿ ಆರ್ ಸಾರಿ’ ಎಂದರೆ ಅದೇ ಸಾಹುಕಾರ ಮೀಸೆ ಬೋಳಿಸಿಕೊಂಡು ಬೀದಿಗೆ ಬಂದಂತೆ. ಈ ಅಂತರ ತಿಳಿದವರು ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಇಬ್ಬರೇ ಇದ್ದರು, ಅವರಲ್ಲಿ ಇನ್ನೊಬ್ಬರು ಹೊಳಲ್ಕೆರೆಯ ಒಬ್ಬ ರಿಟೈರ್ಡ್ ಅಮಲ್ದಾರರು, ಅವರೂ ಈಚೆಗೆ ತೀರಿಕೊಂಡಿದ್ದರು.

ಅಂಥ ಕಾಟಯ್ಯನ ಎದುರಿನ ಟೈಪ್‌ರೈಟರಿನಲ್ಲಿ ಬೆಳಗಿನಿಂದ ಒಂದು ಹಾಳೆ ‘ಸರ್’ ಎಂಬ ಒಂದೇ ಪದವನ್ನು ಹೊತ್ತುಕೊಂಡು ನಿಂತಿತ್ತು. ಆ ಪದದ ಮುಂದೆ ಅಲ್ಪವಿರಾಮ ಹಾಕಿದ ಮೇಲೆ ಅವನು ಮೂರು ಸಲ ಎದ್ದು ನೀರು ಕುಡಿದು ಬಂದಿದ್ದ. ರಾಜ್ಯಕ್ಕೆ ಹೊಸ ಹೆಸರು ಬಂದು ಎರಡು ವರ್ಷವಾದರೂ ಮಂಡಿಯ ಲೆಟರ್‌ಹೆಡ್ಡಿನಲ್ಲಿ ಇನ್ನೂ ‘ಮೈಸೂರು ಸ್ಟೇಟ್’ ಎಂದೇ ಇತ್ತು, ಅದನ್ನು ಹೊಡೆದುಹಾಕಿ ಮೇಲೆ ‘ಕರ್ನಾಟಕ’ ಎಂದು ಟೈಪು ಮಾಡುವುದರಲ್ಲಿ ಅರ್ಧ ಗಂಟೆ ಕಳೆದ. ಆಮೇಲೆ ಇದು ಮಂಡಿಯ ಪತ್ರವೇ ಅಲ್ಲ, ತಂಗಿ ಪಾಲಮ್ಮನ ಪತ್ರ ಎಂಬುದು ಹೊಳೆದು ಹಾಳೆಯನ್ನು ಕಿತ್ತು, ಬಿಳಿ ಹಾಳೆ ಸುತ್ತಿ, ಮತ್ತೆ ‘ಸರ್’ ಎಂದು ಹೊಡೆದ. ಮೇಜಿನ ಖಾನೆಯಲ್ಲಿ ದುರ್ಗದ ಆರೋಗ್ಯ ಇಲಾಖೆಯ ಕಚೇರಿಯಿಂದ ಬಂದ ಉತ್ತರವಿತ್ತು. ತೆಗೆದು ನೋಡುವ ಅಗತ್ಯವಿರಲಿಲ್ಲ. ತಾಳ್ಯದ ಆಸ್ಪತ್ರೆಯಲ್ಲಿ ದಾದಿಯ ಕೆಲಸಕ್ಕೆ ನೇಮಕವಾದ ಪಾಲಮ್ಮ ಹೇಳಿದ ತಾರೀಖಿಗೆ ಹಾಜರಾಗಿಲ್ಲ. ಆಕೆ ಕೊಟ್ಟಿರುವ ಕಾರಣ ಕಾರಣವೇ ಅಲ್ಲ. ನಿಜವಾದ ಕಾರಣವನ್ನು ನಾಳೆಯೊಳಗೆ ತಿಳಿಸದಿದ್ದರೆ ಆದೇಶ ರದ್ದಾಗುತ್ತದೆ, ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ. ನಾಳೆ ಎಂದರೆ, ಸಂಜೆಯ ಬಸ್ಸಿನೊಳಗೆ ಪತ್ರ ಇಲ್ಲಿಂದ ಹೊರಡಬೇಕು. ಎಷ್ಟು ಸೊಟ್ಟ ಇಂಗ್ಲಿಷು, ಎಂದುಕೊಂಡಿದ್ದ ಮೊದಲ ಸಲ ಓದಿದಾಗ. ಒಂದು ‘ಕೈಂಡ್ಲಿ’ ಇಲ್ಲ, ಒಂದು ‘ರಿಗ್ರೆಟ್’ ಇಲ್ಲ. ಆದರೆ ‘ಕಾರಣವೇ ಅಲ್ಲ’ ಎಂಬಲ್ಲಿ ಯಾರೋ ಕೆಂಪು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದರು. ಆ ಗೆರೆ ಕಾಗದದಿಂದ ಎದ್ದು ಬಂದು ಮೂರು ದಿನದಿಂದ ಅವನ ಅನ್ನದ ತಟ್ಟೆಯ ಮೇಲೆ, ಹಾಸಿಗೆಯ ಮೇಲೆ, ಕನ್ನಡಿಯಲ್ಲಿ ಅವನ ಕತ್ತಿನ ಕೆಳಗೆ ಬಿದ್ದಿರುತ್ತಿತ್ತು.

ಮೊದಲನೆಯ ಪತ್ರವನ್ನು ಬರೆದ ದಿನ ಎಂಥ ಉಮೇದು ಇತ್ತು. ‘ಐ ಬೆಗ್ ಟು ಸಬ್ಮಿಟ್’ ಎನ್ನಲೋ ‘ಐ ಹ್ಯಾವ್ ದಿ ಆನರ್ ಟು ಸಬ್ಮಿಟ್’ ಎನ್ನಲೋ ಎಂದು ಒಂದು ಇಡೀ ಮಧ್ಯಾಹ್ನ ತೂಗಿದ್ದ. ಮೊದಲನೆಯದರಲ್ಲಿ ಬೇಡುವುದಿತ್ತು, ಎರಡನೆಯದರಲ್ಲಿ ಬೇಡುವುದನ್ನೇ ಒಂದು ಮರ್ಯಾದೆಯೆಂದು ಹೇಳಿಕೊಳ್ಳುವುದಿತ್ತು. ಹಟ್ಟಿಯ ಹೆಣ್ಣಿಗೆ ಯಾವುದು ಒಪ್ಪುತ್ತದೆ ಎಂದು ಯೋಚಿಸುತ್ತ, ಹಟ್ಟಿ ಎಂಬ ಪದ ಮನಸ್ಸಿಗೆ ಬಂದದ್ದಕ್ಕೇ ಸುತ್ತ ನೋಡಿದ್ದ, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ. ಮಂಡಿಯ ಪತ್ರಗಳಲ್ಲಿ ಅವನು ಕೆ.ಜೆ. ಕಾಟೆ. ಬೊಂಬಾಯಿಯ ವ್ಯಾಪಾರಿಗಳು ‘ಕಾಟೆ ಸಾಹೇಬ್’ ಎಂದು ಬರೆಯುತ್ತಿದ್ದರು, ಅವರ ಕಡೆಯವನೇ ಇರಬೇಕೆಂದು. ಅಪ್ಪ ಜುಂಜಯ್ಯನ ಕುರಿಹಿಂಡು, ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ, ಬೇಲಿಯ ಆಚೆ ಬಾಣಂತಿಯರು ತಿಂಗಳುಗಟ್ಟಲೆ ಕೂಸಿನೊಂದಿಗೆ ಇರುವ ಸೋಗೆಯ ಗುಡ್ಲು, ಅಲ್ಲಿಗೆ ಹೋಗಿ ಬಂದವರು ತಲೆಗೆ ನೀರು ಹುಯ್ದುಕೊಳ್ಳಬೇಕೆಂಬ ಕಟ್ಟಳೆ, ಇವು ಯಾವುವೂ ಆ ‘ಕೆ.ಜೆ.’ಯೊಳಗೆ ಕಾಣುತ್ತಿರಲಿಲ್ಲ. ಪಾಲಮ್ಮ ದಾದಿ ತರಬೇತಿ ಮುಗಿಸಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಹೆತ್ತು, ಪದ್ಧತಿಯಂತೆ ಆ ಗುಡ್ಲಿನಲ್ಲಿದ್ದಾಗಲೇ ಆದೇಶದ ಕವರು ಬಂದದ್ದು. ಅವಳ ಕೈ ಸೇರುವ ಹೊತ್ತಿಗೆ ತಾರೀಖು ದಾಟಿತ್ತು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು. ‘ಡೊಮೆಸ್ಟಿಕ್ ರೀಸನ್ಸ್’ ಎಂದರೆ ಗಂಡ ಹೆಂಡತಿ ಜಗಳವಾಡಿದಂತೆ ಕೇಳುತ್ತದೆ. ‘ಬಿಯಾಂಡ್ ಮೈ ಕಂಟ್ರೋಲ್’ ಎಂದರೆ ವೇದಾವತಿಗೆ ನೆರೆ ಬಂದಂತೆ. ಹೆರಿಗೆಗೆ ಇಂಗ್ಲಿಷಿನಲ್ಲಿ ಒಂದು ನಾಜೂಕಿನ ಪದವಿತ್ತು, ಆದರೆ ಅದನ್ನು ಬರೆದರೆ ಹೆತ್ತವಳು ಕಾಗದ ಓದಲಾರಳೇ ಎಂದು ಕೇಳುತ್ತಾರೆ, ಆಮೇಲೆ ಗುಡ್ಲಿನ ಸಂಗತಿ ಬರುತ್ತದೆ, ಆಮೇಲೆ ಕೆ.ಜೆ. ಕಾಟೆ ಯಾರು ಎಂಬುದು ಬರುತ್ತದೆ. ಕೊನೆಗೆ ಹೊಳೆದದ್ದು ‘ಡ್ಯೂ ಟು ಅನವಾಯ್ಡಬಲ್ ಸರ್ಕಂಸ್ಟನ್ಸಸ್’. ಅನಿವಾರ್ಯ ಕಾರಣಗಳಿಂದ. ಎಂಥ ಮಾತು. ಅದರೊಳಗೆ ಒಂದು ಊರನ್ನೇ ಬಚ್ಚಿಡಬಹುದಿತ್ತು. ದುರ್ಗದ ಕೋಟೆಯ ಏಳು ಸುತ್ತನ್ನೂ ಹೊಕ್ಕು ಬಂದವರಿದ್ದಾರೆ, ಆ ಮಾತನ್ನು ಹೊಕ್ಕು ಒಳಗೇನಿದೆ ಎಂದು ನೋಡಿ ಬಂದವರಿಲ್ಲ, ಎಂದು ತನಗೆ ತಾನೇ ಹೇಳಿಕೊಂಡು, ಸಂತೋಷ ತಾಳಲಾರದೆ ಹೋಟೆಲಿಗೆ ಹೋಗಿ ಎರಡು ಮಸಾಲೆದೋಸೆ ತಿಂದಿದ್ದ.

“ಬೊಂಬಾಯಿ ಕಾಗದ ಆತೇನಯ್ಯ,” ಎಂದು ಗೋವಿಂದಪ್ಪನವರ ದನಿ ಗಲ್ಲಾಪೆಟ್ಟಿಗೆಯ ಕಡೆಯಿಂದ ಬಂತು. ಮಂಡಿ ಅವರದು. ಕಾಟಯ್ಯ ಆಗುತ್ತಿದೆ ಎಂದ. “ಬೆಳಿಗ್ಗೆಯಿಂದ ಮಿಷನ್ನು ಸದ್ದೇ ಮಾಡಿಲ್ಲ. ನಿನ್ನ ಮಾತುಗಳು ಯಾವಾಗಲೂ ಮೊಟ್ಟೆ ಇಟ್ಟ ಕೋಳಿ ಹಂಗೆ ಕೂಗೋವು, ಇವತ್ತು ಕಾವಿಗೆ ಕುಂತವೇನು.” ಹಮಾಲರು ನಕ್ಕರು. ಕಾಟಯ್ಯನೂ ನಕ್ಕ, ನಗು ಸ್ವಲ್ಪ ಹೆಚ್ಚು ಹೊತ್ತು ಮುಖದ ಮೇಲೆ ಉಳಿಯಿತು, ತೆಗೆಯುವುದು ಹೇಗೆಂದು ತಿಳಿಯದೆ. ಅಂಗಳದಲ್ಲಿ ಎಣಿಕೆ ಶುರುವಾಗಿತ್ತು. ಒಂದು ಎನ್ನಬಾರದು ಮಂಡಿಯಲ್ಲಿ, ‘ಲಾಭ’ ಎಂದೇ ಶುರು: ಲಾಭ, ಎರಡು, ಮೂರು, ಎಂದು ಜೋಡಿ ಜೋಡಿ ಕಾಯಿ ರಾಶಿಗೆ ಬೀಳುತ್ತಿದ್ದವು. ಎಷ್ಟೇ ನಷ್ಟದ ಸರಕಾದರೂ ಎಣಿಕೆ ಲಾಭದಿಂದಲೇ. ತನ್ನ ಪತ್ರಗಳೂ ಹಾಗೆಯೇ ಅಲ್ಲವೇ ಎಂದು ಅವನಿಗೆ ಅನ್ನಿಸಿತು. ಬೆರಳುಗಳು ಕೀಲಿಗಳ ಮೇಲೆ ಇದ್ದವು. ಒತ್ತಿದರೆ ಅಕ್ಷರ ಬೀಳುತ್ತದೆ. ಯಾವ ಅಕ್ಷರ.

ಕವರು ಬಂದ ದಿನ ಇದೇ ಕುರ್ಚಿಯಲ್ಲಿ ಕೂತಿದ್ದ. ವಿಳಾಸ ಮಂಡಿಯದು, ಹಟ್ಟಿಗೆ ಟಪಾಲು ಬರುವುದು ವಾರಕ್ಕೊಮ್ಮೆ, ನನ್ನ ವಿಳಾಸ ಕೊಡು, ನನ್ನ ಹೆಸರು ನೋಡಿದರೆ ಪೋಸ್ಟಿನವರು ಓಡಿಬಂದು ಕೊಡುತ್ತಾರೆ ಎಂದು ತಂಗಿಗೆ ಹೇಳಿದವನು ಅವನೇ. ಪೋಸ್ಟ್‌ಮನ್ ನಿಂಗಪ್ಪ ಓಡಿಬರಲಿಲ್ಲ, ಸೈಕಲ್ಲನ್ನು ನೂಕಿಕೊಂಡು ಬಂದ. “ಸರ್ಕಾರದ್ದು ಐತೆ ಕಾಟಣ್ಣ, ಸಿಹಿ ತರ್ಸು,” ಎಂದ. ಕಾಟಯ್ಯ ಕವರು ಒಡೆದ, ಓದಿದ, ಇಡೀ ಮಂಡಿಗೆ ಕೇಳುವಂತೆ ಓದಿದ, ತಂಗಿಯನ್ನು ಡಾಕ್ಟರಿಗಿಂತ ಒಂದೇ ಮೆಟ್ಟಿಲು ಕೆಳಗೆ ನಿಲ್ಲಿಸಿದ, ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಟ. ಬಸ್ಸು ಹೊಸದುರ್ಗದ ರಸ್ತೆಯಲ್ಲಿ ಕೈಮರದ ಹತ್ತಿರ ಇಳಿಸಿತು. ಅಲ್ಲಿಂದ ಜಾಲಿಮರಗಳ ನಡುವೆ ಕಾಲುದಾರಿ. ಕುರಿಗಳು ಹೋದ ವಾಸನೆ. ಬೇಲಿ. ಬೇಲಿಯ ಈಚೆ ಅವ್ವ ಜಯಕ್ಕ, ಸೆರಗಿನಲ್ಲಿ ಕೈ ಒರೆಸುತ್ತ. ಬೇಲಿಯ ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಗುಡ್ಲು, ಅದರ ಮೇಲೆ ಒಣಗಲು ಹಾಕಿದ ಕೂಸಿನ ಬಟ್ಟೆ. ಇಲ್ಲಿಗೆ ಬಂದಾಗ ಅವನ ನೆನಪು ಪ್ರತಿಸಲ ಒಂದು ಹೆಜ್ಜೆ ದಾಟಿ ಬಿಡುತ್ತಿತ್ತು, ಮುರಿದ ಮೆಟ್ಟಿಲನ್ನು ಮನೆಯವರು ನೋಡದೆಯೇ ದಾಟುವ ಹಾಗೆ. ಮರುಕ್ಷಣ ಅವನು ಬಸ್ಸಿನಲ್ಲಿರುತ್ತಿದ್ದ, ಕಿಟಕಿಯ ಪಕ್ಕ, ಗಾಳಿಗೆ ಮುಖ ಕೊಟ್ಟು. ಕವರು ಅವ್ವನ ಹತ್ತಿರ ಉಳಿದಿತ್ತು. ಅವ್ವ ಅದನ್ನು ದೇವರ ಗೂಡಿನಲ್ಲಿಟ್ಟಳು. ಪಾಲಮ್ಮ ಕೂಸನ್ನೆತ್ತಿಕೊಂಡು ಹಟ್ಟಿಯೊಳಗೆ ಬಂದ ದಿನ ಅವಳ ಕೈಗೆ ಕೊಟ್ಟಳು. ಹಾಗೆಂದು ಪಾಲಮ್ಮನಿಗೂ ಹೇಳಿದ್ದ: ನಾನು ಕೊಡು ಅಂದೆ, ಅವ್ವ ಮೈಲಿಗೆ ಅಂತ ಒಳಗಿಟ್ಟಳು, ನಾನೇನು ಮಾಡಲಿ. ಅನಿವಾರ್ಯ.

ಹನ್ನೆರಡರ ಹೊತ್ತಿಗೆ ದಾರಿ ಕಂಡಿತು. ‘ಪೋಸ್ಟಲ್ ಡಿಲೇ’. ಟಪಾಲು ತಡವಾಯಿತು. ಇದಕ್ಕೆ ಯಾರೂ ಬೈಯುವುದಿಲ್ಲ, ದೇಶದಲ್ಲಿ ಟಪಾಲು ತಡವಾಗುವುದು ಸೂರ್ಯ ಹುಟ್ಟುವಷ್ಟು ಸಹಜ. ‘ಓವಿಂಗ್ ಟು’ ಎನ್ನುವುದೋ ‘ಆನ್ ಅಕೌಂಟ್ ಆಫ್’ ಎನ್ನುವುದೋ ಎಂದು ಒಂದು ಗಳಿಗೆ ತಡೆದ, ಮೊದಲನೆಯದರಲ್ಲಿ ಸಾಲದ ನಾತ, ಎರಡನೆಯದರಲ್ಲಿ ಬ್ಯಾಂಕಿನದು, ಮೊದಲನೆಯದನ್ನೇ ಹೊಡೆದ. ಯಂತ್ರ ಸದ್ದು ಮಾಡಿತು. ಗೋವಿಂದಪ್ಪನವರು ಇತ್ತ ನೋಡಿ ತಲೆಯಾಡಿಸಿದರು. ಅವನ ಬೆನ್ನು ನೆಟ್ಟಗಾಯಿತು. ‘ಐ ಶಲ್ ಎವರ್ ರಿಮೇನ್ ಗ್ರೇಟ್‌ಫುಲ್’ ಎಂಬಲ್ಲಿಗೆ ಬರುವಾಗ ಆ ಕೆಂಪು ಪೆನ್ಸಿಲಿನವನು ಕುರ್ಚಿಯಿಂದ ಎದ್ದು ನಿಲ್ಲುವುದು, ಕಚೇರಿಯ ಫ್ಯಾನು ತಾನೇ ತಾನಾಗಿ ತಿರುಗುವುದು, ಆಫೀಸರು ತಾಳ್ಯದವರೆಗೆ ಜೀಪು ಕಳಿಸುವುದು ಎಲ್ಲ ಕಣ್ಣಿಗೆ ಕಟ್ಟಿತು. ಕಾಗದ ಹೊರತೆಗೆದು ಬೆಳಕಿಗೆ ಹಿಡಿದ. ಚೆನ್ನಾಗಿತ್ತು. ಆದರೆ ಕೈಯೊಳಗೆ ಅದು ಹಗುರವಾಗಿತ್ತು, ನೀರು ಬತ್ತಿದ ಕಾಯಿಯಂತೆ, ಅಲ್ಲಾಡಿಸಿದರೆ ಸದ್ದಿಲ್ಲ. ಎದ್ದು ನೀರು ಕುಡಿದ. ಮತ್ತೆ ಕೂತ.

ಆಗ ಪಾಲಮ್ಮ ಬಂದಳು. ಮಂಡಿಯ ಬಾಗಿಲಲ್ಲಿ ಬಿಸಿಲಿಗೆ ಅಡ್ಡವಾಗಿ ನಿಂತವಳು ಯಾರೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಬಿಳಿ ಸೀರೆ ಉಟ್ಟಿದ್ದಳು, ತರಬೇತಿಯದು, ಹೆಗಲಿಗೆ ಕೂಸು. ಹಮಾಲರು ಎಣಿಕೆ ನಿಲ್ಲಿಸಿದರು. ಅವನಿಗೆ ಎದ್ದು ಹೋಗಿ ಅವಳನ್ನು ಹೊರಗೇ ಮಾತಾಡಿಸಬೇಕೆನ್ನಿಸಿತು, ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಗಿ ಕೂತೇ ಇದ್ದ. ಗೋವಿಂದಪ್ಪನವರೇ, “ಬರ್ರಿ, ಒಳಗೆ ಬರ್ರಿ ತಾಯಿ, ಕಾಟಯ್ಯನ ತಂಗಿ ಅಲ್ವರಾ, ಕುಂತ್ಕಳ್ರಿ,” ಎಂದು ತಮ್ಮ ಹತ್ತಿರದ ಸ್ಟೂಲನ್ನು ಕಳಿಸಿದರು. ಅಣ್ಣ ತಂಗಿ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತಂತೆ. ಇಷ್ಟು ವರ್ಷ ಕೆ.ಜೆ. ಕಾಟೆ ಎಂಬುದನ್ನು ಯಾರಿಗಾಗಿ ಟೈಪು ಮಾಡುತ್ತಿದ್ದ.

“ಬರ್ದೇನಣ್ಣ,” ಎಂದಳು ಪಾಲಮ್ಮ. “ನಾನೇ ತಗಂಡು ಹೋಗಿ ಕೊಡ್ತೀನಿ. ಐದರ ಬಸ್ಸಿಗೆ ದುರ್ಗಕ್ಕೆ ಹೋದ್ರೆ ಅಲ್ಲಿ ಉಳ್ಕಣಾಕೆ ಸ್ನೇಹಿತೆ ಮನೆ ಐತೆ. ನಾಳೆ ಬಾಗಿಲು ತೆಗದೇಟಿಗೆ ಕೊಟ್ಟುಬಿಡ್ತೀನಿ.”

ಕಾಗದ ಕೊಟ್ಟ. ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದಳು. ಅವನು ಅವಳ ತುಟಿಯನ್ನೇ ನೋಡುತ್ತಿದ್ದ.

“ಟಪಾಲು ತಡ ಆತು ಅಂತ ಬರ್ದೀಯ.”

“ಅದೇ ಸರಿ. ಯಾರ ಮ್ಯಾಲೂ ಹೋಗಲ್ಲ.”

“ನಿಂಗಪ್ಪನ ಮ್ಯಾಲೆ ಹೋಗ್ತೈತೆ. ಅಲ್ದೆ ಕವರಿನ ಮ್ಯಾಲೆ ಹಿರಿಯೂರು ಮುದ್ರೆ ಐತಲ್ಲ, ತಾರೀಖು ಸಮೇತ. ಅವರು ಕವರು ತೋರ್ಸು ಅಂದ್ರೆ?”

ಕಾಟಯ್ಯನಿಗೆ ಮುದ್ರೆ ನೆನಪೇ ಇರಲಿಲ್ಲ. ಕವರಿನ ಒಳಗಿನದನ್ನು ಓದುವುದರಲ್ಲಿ ಜಿಲ್ಲೆಗೇ ಒಬ್ಬನಾದವನು ಅದರ ಹೊರಮೈಯನ್ನು ನೋಡಿರಲಿಲ್ಲ. ತಡವರಿಸಿ, “ಹಂಗಾರೆ ಪದ್ಧತಿ ಅಂತ ಬರಿಯಾಣ,” ಎಂದ, ದನಿ ತಗ್ಗಿಸಿ. “‘ಕಸ್ಟಮ್ ಆಫ್ ದಿ ಕಮ್ಯೂನಿಟಿ’ ಅಂತಾರೆ. ಗೌರವದ ಮಾತು. ಬಾಣಂತಿ ಹೊರಗಿರ್ತಾಳೆ, ಮನೆಯವರು ಕಾಗದ ಕೊಡ್ಲಿಲ್ಲ, ಅಷ್ಟೆ. ಆಫೀಸರಿಗೆ ಅರ್ಥ ಆಗ್ತೈತೆ.”

“ಬರಿ,” ಎಂದಳು ಪಾಲಮ್ಮ. ಕೂಸಿನ ಕುಲಾವಿ ಸರಿಮಾಡಿದಳು. “ಆದ್ರೆ ಅವ್ವ ನಿಂಗೆ ನೀರು ಕಾಯ್ಸಾಕೆ ಒಲೆ ಹಚ್ಚಿದ್ಲಂತೆ.”

ಅಂಗಳದಲ್ಲಿ ಯಾರೋ ಮತ್ತೆ ‘ಲಾಭ’ ಎಂದು ಶುರುಮಾಡಿದರು. ಕಾಟಯ್ಯ ಟೈಪ್‌ರೈಟರಿನ ಪಕ್ಕದ ಧೂಳನ್ನು ಬೆರಳಿನಿಂದ ಒರೆಸಿದ.

“ಯಾರಂದ್ರು.”

“ಮುದ್ದಕ್ಕ. ಗುಡ್ಲಿಗೆ ನಂಗೆ ಅಂಬಲಿ ತಂದಿಡ್ತಿದ್ಲಲ್ಲ, ಆಯಮ್ಮ. ಬೇಲಿ ಹತ್ರ ಇದ್ಲಂತೆ. ನೀನೇ ಕೊಟ್ಟು ಬಾರಪ್ಪ, ಬಂದ್ಮ್ಯಾಲೆ ನೀರು ಹುಯ್ಕಳುವಂತೆ, ಬಿಸಿನೀರು ಕಾಯ್ಸಿಡ್ತೀನಿ ಅಂತ ಅವ್ವ ಅಂದ್ಲಂತೆ. ನೀನು, ಒಳಗಿಡು, ಅವಳು ಬಂದ್ಮ್ಯಾಲೆ ಕೊಡು, ಆತುರ ಇಲ್ಲ ಅಂದ್ಯಂತೆ. ಅವ್ವಂಗೆ ಓದಾಕೆ ಬರಲ್ಲ. ಆತುರ ಇಲ್ಲ ಅಂದ್ರೆ ಇಲ್ಲ ಅಂತ್ಲೇ ತಿಳ್ಕಂಡ್ಲು. ನಾನು ಅವ್ವನ ಕೂಡೆ ಮಾತು ಬಿಟ್ಟು ಎಷ್ಟು ದಿನ ಆತು ಗೊತ್ತೇನು ನಿಂಗೆ? ಕೇಳಿದ್ರೆ, ನಂದೇ ತಪ್ಪು ಕಣಮ್ಮ ಅಂತಾಳೆ. ನಿನ್ನ ಹೆಸರು ಎತ್ತಲ್ಲ.”

“ಪಾಲಿ, ಆ ಗುಡ್ಲು ಇರದೇ ಇದ್ದಿದ್ರೆ...”

“ಗುಡ್ಲಿನ ಜಗಳ ಬ್ಯಾರೆ. ಅದನ್ನ ನಾನು ಆಡ್ತೀನಿ, ನಾಳೆ ಇದೇ ಸೀರೆ ಉಟ್ಕಂಡು ತಾಳ್ಯದ ಸುತ್ತಿನ ಹಟ್ಟಿಗಳಿಗೆ ಹೋಗೋಳು ನಾನು. ಹಟ್ಟಿಯವರು ಸರ್ಕಾರಿ ಕಾಗದ ಮುಚ್ಚಿಟ್ರು ಅಂತ ನನ್ನ ಫೈಲಿನಾಗೆ ಬರ್ದಿದ್ರೆ ಯಾವ ಬಾಯಲ್ಲಿ ಹೋಗ್ಲಿ? ನಿನ್ನ ತಪ್ಪಿಗೆ ಅದನ್ನ ಅಡ್ಡ ಹಿಡೀಬ್ಯಾಡ.”

ಅವಳು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಆದರೂ ಕಾಟಯ್ಯನಿಗೆ ಇಡೀ ಹಿರಿಯೂರು ಅಂಗಡಿ ಮುಚ್ಚಿ ಬಂದು ಮಂಡಿಯ ಬಾಗಿಲಲ್ಲಿ ನಿಂತಂತಿತ್ತು. ಬಿಳಿ ಹಾಳೆಯೊಂದನ್ನು ತೆಗೆದು ಯಂತ್ರಕ್ಕೆ ಸುತ್ತಿದ. ‘ಸರ್’ ಎಂದು ಹೊಡೆದ. ‘ಮೈ ಬ್ರದರ್’ ಎಂದು ಹೊಡೆದ. ಅಲ್ಲಿಗೆ ನಿಂತ. ಮಾತುಗಳು ಸಾಲಾಗಿ ಬಂದು ನಿಂತವು, ಒಂದಕ್ಕಿಂತ ಒಂದು ತೊಳೆದ ಮುಖದವು. ‘ಓವರ್‌ಸೈಟ್’ ಎಂದರೆ ಕಣ್ಣು ತಪ್ಪಿದ್ದು, ಅದರಲ್ಲಿ ಮನುಷ್ಯನ ತಪ್ಪೇನೂ ಇಲ್ಲ, ಕಣ್ಣಿನದು. ‘ಇನಡ್ವರ್ಟೆಂಟ್ಲಿ’ ಎಂದರೆ ಗೊತ್ತಿಲ್ಲದೆ ಆದದ್ದು, ನಿದ್ದೆಯಲ್ಲಿ ಕೈ ತಾಗಿದಂತೆ. ‘ನೆಗ್ಲಿಜೆನ್ಸ್’ ಎಂದರೆ ಕೋರ್ಟು ಕಾಣುತ್ತಿತ್ತು.

“‘ಓವರ್‌ಸೈಟ್’ ಅಂತ ಹಾಕ್ಲಾ, ‘ನೆಗ್ಲಿಜೆನ್ಸ್’ ಅಂತ ಹಾಕ್ಲಾ,” ಎಂದು ಕೇಳಿದ. ನಿಜವಾಗಿಯೂ ಅವಳ ಅಭಿಪ್ರಾಯ ಬೇಕೆನ್ನಿಸಿತ್ತು.

“ಯಾವುದು ಕಮ್ಮಿ ತೂಗ್ತೈತೆ ಅಂತ ನೋಡ್ತಿದ್ದೀಯ. ಮೊದ್ಲು, ಅವತ್ತು ಗುಡ್ಲಿನ ತಂಕ ಯಾಕೆ ಬರ್ಲಿಲ್ಲ ಹೇಳು. ಮಾತು ಆಮ್ಯಾಲೆ ಹುಡುಕಾಣ.”

“ಅವತ್ತು ಸಾಯಂಕಾಲ ಬೊಂಬಾಯಿ ಪಾರ್ಟಿ ಬರೋರಿದ್ರು. ಭಾರಿ ಪಾರ್ಟಿ. ನಾನಿಲ್ಲದಿದ್ರೆ ಸಾವ್ಕಾರ್ರಿಗೆ ಮಾತಾಡಾಕೆ...” ಅಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಗೋವಿಂದಪ್ಪನವರು ತಲೆಯೆತ್ತಿದ್ದು ಕಂಡಿತು. ಕನ್ನಡಕ ಸರಿಮಾಡಿಕೊಂಡು ಮತ್ತೆ ತಲೆ ತಗ್ಗಿಸಿದರು. “ಯಾರೂ ಬರೋರಿರ್ಲಿಲ್ಲ,” ಎಂದ ಕಾಟಯ್ಯ.

ಕೂಸು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು.

“ಕೂಗಿ ಹೇಳ್ಬೌದಿತ್ತಲ್ಲಣ್ಣ. ಅಷ್ಟು ದೂರವೇನಿತ್ತು.”

“ಕೂಗಿದ್ರೆ ನೀನು, ಇಲ್ಲಿಗೇ ತಂದುಕೊಡು ಅಂತಿದ್ದೆ. ಬಂದ್ರೆ ಬಟ್ಟೆ ಸಮೇತ ತಲೆಮ್ಯಾಲೆ ನೀರು ಹುಯ್ಕಬೇಕಿತ್ತು.”

“ಅವ್ವ ಬಿಸಿನೀರು ಕಾಯ್ಸಿದ್ಲು.”

“ಬಿಸಿನೀರಾದ್ರೂ ನೀರೇ ಅಲ್ಲವಾ,” ಎಂದು ಕಾಟಯ್ಯ ಯಂತ್ರದ ಕೀಲಿಗಳನ್ನು ನೋಡುತ್ತ ಹೇಳಿದ. ಗಂಟಲಲ್ಲಿ ಬೇರೆ ಬೇರೆ ಕಾರಣಗಳು ಎದ್ದು, ಒಂದನ್ನೊಂದು ನೂಕಿ, ಬಾಯಿಯವರೆಗೂ ಬಂದು ಉಳಿಯದೆ ಹೋದವು. “ಷರ್ಟು. ಹೊಸದು. ಟೆರಿಲಿನ್. ಹಿಂದಿನ ದಿನ ಹೊಲಿಸ್ಕಂಡು ತಂದಿದ್ದೆ. ಅದನ್ನ ಹಾಕ್ಕಂಡು ಹಿರಿಯೂರು ಬಸ್ ಸ್ಟ್ಯಾಂಡಿನಾಗೆ ಇಳೀಬೇಕು ಅಂತಿತ್ತು. ನಾಲ್ಕು ಜನ ನೋಡ್ಲಿ ಅಂತ.”

ಬೈಯುತ್ತಾಳೆ ಎಂದುಕೊಂಡ. ನಗುತ್ತಾಳೆ ಎಂದೂ ಒಂದು ಕ್ಷಣ ಆಸೆಪಟ್ಟ; ನಕ್ಕರೆ ಇದು ಹಮಾಲರಿಗೆ ಹೇಳುವ ಕತೆಗಳಲ್ಲಿ ಒಂದಾಗಿ ಹೋಗುತ್ತಿತ್ತು. ಅವಳು ಎರಡೂ ಮಾಡಲಿಲ್ಲ. ಏನನ್ನೋ ಲೆಕ್ಕ ಹಾಕುವವಳಂತೆ ಹುಬ್ಬು ಗಂಟಿಕ್ಕಿ ಅವನ ಮೈಮೇಲಿನ ಷರ್ಟನ್ನೇ ನೋಡಿದಳು.

“ಟೆರಿಲಿನ್ ಒದ್ದೆ ಆದ್ರೂ ಗಳಿಗೇನಾಗೆ ಒಣಗ್ತೈತಲ್ಲಣ್ಣ.”

“ಗೊತ್ತಿತ್ತು,” ಎಂದ ಕಾಟಯ್ಯ. “ಅಂಗಡಿಯವನು ಹೇಳೇ ಕೊಟ್ಟಿದ್ದ.”